ಕೆಂಪು ಗೆರೆಯನ್ನು ಎಷ್ಟು ನಂಬಬೇಕು?

ಬರೆದದ್ದನ್ನು ತಾನಾಗಿ ತಿದ್ದುವ ಸಾಫ್ಟ್‌ವೇರ್ ನಂಬಬಹುದಾ? ಕನ್ನಡದ ಮಟ್ಟಿಗೆ ನಾನು ಹೇಳುವುದು ಇಷ್ಟು: ಕಾಗುಣಿತಕ್ಕೆ ಖಂಡಿತ ಬಳಸಿ, ವ್ಯಾಕರಣಕ್ಕೆ ಸದ್ಯ ನಿಮ್ಮ ಕಿವಿಯನ್ನೇ ನಂಬಿ.

ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ವ್ಯಾಕರಣ ತಿದ್ದುವ ಗ್ರಾಮರ್ಲಿ 2009ರಿಂದ ಇದೆ. ಜರ್ಮನಿಯ ಡೇನಿಯಲ್ ನಾಬರ್ 2003ರಲ್ಲಿ ಶುರು ಮಾಡಿದ ಲ್ಯಾಂಗ್ವೇಜ್‌ಟೂಲ್ ಬಹಳಷ್ಟು ಭಾಷೆಗಳ ವ್ಯಾಕರಣ ನೋಡುತ್ತದೆ, ಅದರಲ್ಲಿ ತಮಿಳು ಇದೆ, ಕನ್ನಡ ಇಲ್ಲ. ನಮಗೆ ಸಿಗುವುದು ಹೆಚ್ಚಾಗಿ ಬರೀ ಸ್ಪೆಲ್ ಚೆಕ್. ಬರೆಯಲು ಬಳಸುವ ಲಿಬ್ರೆಆಫೀಸ್, ಇಂಟರ್ನೆಟ್ ನೋಡುವ ಫೈರ್‌ಫಾಕ್ಸ್ ಎರಡೂ ಬಳಸುವುದು ಹನ್‌ಸ್ಪೆಲ್ ಅನ್ನೋ ಒಂದೇ ಎಂಜಿನ್. ಅದು ಪದಗಳ ಪಟ್ಟಿ ಮತ್ತು ಪ್ರತ್ಯಯದ ನಿಯಮಗಳನ್ನು ಇಟ್ಟುಕೊಂಡು ಕೆಲಸ ಮಾಡುತ್ತದೆ. ಅದಕ್ಕೆ ಸಿಕ್ಕ ಪದ ಸರಿ, ಸಿಗದ ಪದಕ್ಕೆ ಕೆಂಪು ಗೆರೆ.

ಇಲ್ಲೇ ತೊಡಕು. ಕನ್ನಡದಲ್ಲಿ ಒಂದು ಕ್ರಿಯಾಪದಕ್ಕೆ ಪ್ರತ್ಯಯ ಅಂಟುತ್ತಾ ಹೋದರೆ ಎಷ್ಟು ರೂಪ ಆಗುತ್ತವೆ ನೋಡಿ: ಬರಲಾಗದಿದ್ದುದರಿಂದ, ಬಂದಿದ್ದರಾದರೂ, ಬರುವವರೊಂದಿಗೆ. ಎಲ್ಲವನ್ನೂ ಯಾವ ಪಟ್ಟಿಗೂ ತುಂಬೋಕೆ ಆಗಲ್ಲ. ಹಾಗಾಗಿ ಸರಿಯಾದ ಪದದ ಕೆಳಗೂ ಗೆರೆ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಿ ವಾಕ್ಯ ಬದಲಾಯಿಸಬೇಡಿ.

ಇನ್ನೊಂದು ಕಡೆ, ಗೆರೆಯೇ ಬರದ ತಪ್ಪುಗಳು ಜಾಸ್ತಿ ಅಪಾಯ. 'ಹಾಲು ಕಾಯಿಸಿ' ಅನ್ನುವಲ್ಲಿ 'ಹಾಳು ಕಾಯಿಸಿ' ಅಂತ ಬಿದ್ದರೆ ಸ್ಪೆಲ್ ಚೆಕ್ ಸುಮ್ಮನಿರುತ್ತದೆ, ಯಾಕೆಂದರೆ ಹಾಳು ಕೂಡ ಪಟ್ಟಿಯಲ್ಲಿರುವ ಪದವೇ. 'ಬೆಲೆ ಏರಿದೆ' ಹೋಗಿ 'ಬೆಳೆ ಏರಿದೆ' ಆದರೂ ಅಷ್ಟೇ. 'ಅಕ್ಕ ಊರಿಗೆ ಹೋದನು' ಅಂತ ಬರೆದು ನೋಡಿ. ಮೂರೂ ಪದ ಸರಿ, ವಾಕ್ಯ ತಪ್ಪು, ಗೆರೆ ಇಲ್ಲ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆ ದಾರಿ ಓದಿಸಿ ಕೇಳುವುದು. ಆಂಡ್ರಾಯ್ಡ್ ಫೋನಿನ ಓದುವ ದನಿಗೆ ಕನ್ನಡ ಬರುತ್ತದೆ. ಬರಹವನ್ನು ಅದಕ್ಕೆ ಕೊಟ್ಟು, ಪರದೆ ನೋಡದೆ ಕೇಳಿ. ಕಣ್ಣು ಜಾರಿಸಿದ 'ಹಾಳು' ಕಿವಿಗೆ ತಕ್ಷಣ ಚುಚ್ಚುತ್ತದೆ.

ಹಾಗಾದರೆ ಸ್ಪೆಲ್ ಚೆಕ್ ಯಾತಕ್ಕೆ? ಮಹಾಪ್ರಾಣಕ್ಕೆ. ಅಧ್ಬುತ, ಉಧ್ಘಾಟನೆ, ವಿಧ್ಯಾರ್ಥಿ, ಹಾರ್ಧಿಕ ಸ್ವಾಗತ, ಇವು ನಮ್ಮೂರುಗಳ ಬ್ಯಾನರಿನಲ್ಲಿ ದಿನವೂ ಕಾಣುವ ತಪ್ಪುಗಳು, ಅಲ್ವಾ? ಅದ್ಭುತ, ಉದ್ಘಾಟನೆ, ವಿದ್ಯಾರ್ಥಿ, ಹಾರ್ದಿಕ ಆಗಬೇಕು. ಇಂಥವನ್ನು ಸ್ಪೆಲ್ ಚೆಕ್ ಚೆನ್ನಾಗಿ ಹಿಡಿಯುತ್ತದೆ.

ಮನುಷ್ಯರ ಕಣ್ಣಿಗೆ ಕಾಣದೇ ಇರುವ ಒಂದು ತಪ್ಪಿದೆ. 'ಸಂಜೆ' ಮತ್ತು 'ಸ೦ಜೆ', ಎರಡೂ ಒಂದೇ ಥರ ಕಾಣುತ್ತವೆ. ಆದರೆ ಎರಡನೆಯದರಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಸೊನ್ನೆ ಅಂಕಿ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಇವು ಬೇರೆ ಬೇರೆ ಅಕ್ಷರ. ಹಾಗೆ ಬರೆದ ಪದ ಹುಡುಕಿದರೆ ಸಿಗುವುದಿಲ್ಲ, ಓದುವ ದನಿಯೂ ಎಡವಬಹುದು. ನೋಡೋಕೆ ಸರಿಯಾಗಿರುವ, ಚಿಕ್ಕ, ಮಾಮೂಲಿ ಪದದ ಕೆಳಗೆ ಗೆರೆ ಬಂದರೆ ಮೊದಲು ಇದನ್ನೇ ಅನುಮಾನಿಸಿ. ಅಳಿಸಿ ಮತ್ತೆ ಟೈಪ್ ಮಾಡಿ.

ಶುರು ಮಾಡುವ ಮೊದಲು ಬರಹ ಯುನಿಕೋಡ್‌ನಲ್ಲಿದೆಯಾ ನೋಡಿಕೊಳ್ಳಿ. ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನ ಫೈಲು ಪರದೆಯಲ್ಲಿ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಹಾಗಾಗಿ ಯುನಿಕೋಡ್ ನೋಡುವ ಸ್ಪೆಲ್ ಚೆಕ್ಕಿಗೆ ಅದು ಅರ್ಥವಾಗುವುದಿಲ್ಲ. ಮೊದಲು ಕನ್ವರ್ಟ್ ಮಾಡಿ, ಆಮೇಲೆ ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿ ಕೂತಿವೆಯಾ ಅಂತ ಒಮ್ಮೆ ಕಣ್ಣಾಡಿಸಿ. ಲಿಬ್ರೆಆಫೀಸ್‌ನಲ್ಲಿ ಪಠ್ಯದ ಭಾಷೆ ಕನ್ನಡ ಅಂತ ಆಯ್ಕೆ ಆಗಿರಬೇಕು, ಕನ್ನಡದ ನಿಘಂಟೂ ಹಾಕಿಕೊಂಡಿರಬೇಕು. ಊರು, ಮನೆತನದ ಹೆಸರು, ಬ್ಯಾಂಕು–ಬ್ಯಾಂಕ್ ಥರದ ಪದಗಳಲ್ಲಿ ನಿಮಗೆ ಬೇಕಾದ ರೂಪ ಆರಿಸಿ ಸ್ವಂತ ನಿಘಂಟಿಗೆ ಸೇರಿಸಿ. ನಾಲ್ಕಾರು ಬರಹ ಆಗುವಷ್ಟರಲ್ಲಿ ಸುಮ್ನೆ ಬರುವ ಗೆರೆಗಳು ಕಡಿಮೆಯಾಗಿ ನಿಜವಾದ ತಪ್ಪು ಎದ್ದು ಕಾಣುತ್ತದೆ.

ಹೊಸ ಟೂಲ್ ಯಾವುದೇ ಬರಲಿ, ನೀವೇ ಪರೀಕ್ಷೆ ಮಾಡಿ. ನಿಮ್ಮದೇ ಒಂದು ಪುಟ ತೆಗೆದುಕೊಂಡು ಬೇಕಂತಲೇ ಹತ್ತು ತಪ್ಪು ಸೇರಿಸಿ. ಎಷ್ಟು ಹಿಡಿಯಿತು, ಎಷ್ಟು ಸರಿ ಪದವನ್ನು ತಪ್ಪು ಅಂದಿತು, ಎರಡನ್ನೂ ಎಣಿಸಿ.

ಈಗ ಚಾಟ್‌ಜಿಪಿಟಿ ಥರದವುಗಳ ಹತ್ತಿರ ತಿದ್ದಿಸುವವರೂ ಇದ್ದಾರೆ. ಲಿಂಗ, ವಚನದ ತಪ್ಪನ್ನು ಇವು ಎಷ್ಟೋ ಸಲ ಹಿಡಿಯುತ್ತವೆ ನಿಜ. ಆದರೆ ಕೇಳದೇ ಇದ್ದದ್ದನ್ನೂ ಬದಲಾಯಿಸುತ್ತವೆ. ನಿಮ್ಮ ಕತೆಯ ಧಾರವಾಡದ ಅಜ್ಜಿ 'ಏನ್ ಮಾಡಾಕತ್ತೀಯೋ' ಅಂದರೆ ಅದನ್ನು 'ಏನು ಮಾಡುತ್ತಿದ್ದೀಯಾ' ಅಂತ ಮಾಡಿಬಿಡಬಹುದು, ಅಲ್ಲಿಗೆ ಅಜ್ಜಿಯೇ ಹೋದಳು. 'ತಿದ್ದಬೇಡ, ತಪ್ಪುಗಳ ಪಟ್ಟಿ ಮಾತ್ರ ಕೊಡು, ಮಾತುಕತೆ ಮುಟ್ಟಬೇಡ' ಅಂತಲೇ ಕೇಳಿ, ಆಮೇಲೆ ಒಂದೊಂದನ್ನೂ ನೀವೇ ತೂಗಿ ನೋಡಿ. ಇವುಗಳಿಗೆ ಹಾಕಿದ ಬರಹ ಸಾಮಾನ್ಯವಾಗಿ ಬೇರೆಯವರ ಸರ್ವರ್‌ಗೆ ಹೋಗುತ್ತದೆ, ಖಾಸಗಿ ಕಾಗದಪತ್ರ ಹಾಕಬೇಡಿ.

ತಿದ್ದುವಾಗ 'ಎಲ್ಲವನ್ನೂ ಬದಲಿಸು' ಗುಂಡಿಯ ಬಗ್ಗೆ ಎಚ್ಚರ. ವಿದ್ಯಾರ್ಥಿ ಸರಿಮಾಡಲು 'ಧ್ಯಾ' ಇದ್ದಲ್ಲೆಲ್ಲ 'ದ್ಯಾ' ಹಾಕಿದರೆ ಅಧ್ಯಾಪಕರು ಅದ್ಯಾಪಕರಾಗುತ್ತಾರೆ, ಧ್ಯಾನ ದ್ಯಾನವಾಗುತ್ತದೆ. ಪೂರ್ತಿ ಪದವನ್ನೇ ಕೊಟ್ಟು ಬದಲಿಸಿ, ಕೊನೆಗೆ ಸ್ಪೆಲ್ ಚೆಕ್ ಇನ್ನೊಮ್ಮೆ ಓಡಿಸಿ.