ಅಜ್ಜನ ಮುಖ ಹಸಿರಾದ ಮೇಲೆ ನಾನು ಇಂಕು, ಪೇಪರು ಆರಿಸಿದ ರೀತಿ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಫೋಟೊದಿಂದ ಮದುವೆ ಆಲ್ಬಮ್‌ವರೆಗೆ ಎಲ್ಲ ಮಾಡುತ್ತೇನೆ. ಆದರೆ ನನಗೆ ತುಂಬ ಇಷ್ಟವಾದ ಕೆಲಸ ಹಳೆ ಫೋಟೊಗಳದ್ದು. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಮನೆಗಳು ಹೋದವು. ಅಲ್ಲಿಂದ ಎದ್ದು ಬಂದವರ ಹತ್ತಿರ ಆ ಮನೆಯ ಗುರುತು ಅಂತ ಈಗ ಉಳಿದಿರುವುದು ಒಂದೋ ಎರಡೋ ಫೋಟೊ. ಅಂಚು ಹುಳ ತಿಂದಿರುತ್ತದೆ, ನಡುವೆ ಮಡಿಕೆ ಬಿದ್ದಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ಸರಿಪಡಿಸಿ, ದೊಡ್ಡದು ಮಾಡಿ ಕೊಡುತ್ತೇನೆ.

ಒಬ್ಬ ಅಜ್ಜಿ ಅಂಥದ್ದೊಂದು ಫೋಟೊ ತಂದಿದ್ದರು. ತೀರಿಹೋದ ಯಜಮಾನರು ಹಳೇ ಊರಿನ ಮನೆಯ ಕಟ್ಟೆಯ ಮೇಲೆ ಕೂತಿದ್ದ ಕಪ್ಪು-ಬಿಳುಪು ಫೋಟೊ. ಎರಡು ದಿನ ಕೂತು ಸರಿಮಾಡಿದೆ. ಆರು ಬಣ್ಣದ ಟ್ಯಾಂಕ್ ಪ್ರಿಂಟರ್‌ನಲ್ಲಿ ಎ4 ಅಳತೆಗೆ ಪ್ರಿಂಟ್ ತೆಗೆದು ಫ್ರೇಮ್ ಹಾಕಿಸಿ ಕೊಟ್ಟೆ. ಅಜ್ಜಿ ಕಣ್ಣೊರೆಸಿಕೊಂಡು ಒಯ್ದರು.

ಒಂದು ವರ್ಷ ಕಳೆದಿರಲಿಲ್ಲ. ಅದೇ ಫ್ರೇಮನ್ನು ಸೆರಗಿನಲ್ಲಿ ಸುತ್ತಿಕೊಂಡು ಮತ್ತೆ ಬಂದರು. ಬೈಯಲಿಲ್ಲ. ಮೇಜಿನ ಮೇಲಿಟ್ಟು ಇಷ್ಟೇ ಅಂದರು: "ತಮ್ಮಾ, ಇವರ ಮಾರಿ ಯಾಕೋ ಹಸರ ಆಗೈತಿ ನೋಡು. ಜಡ್ಡಿನ್ಯಾಗೂ ಹಿಂಗ ಇದ್ದಿಲ್ಲ ಅವರು."

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಅಲ್ಲಿಯವರೆಗೆ ನಾನು ಪೇಪರ್ ಕೊಳ್ಳುತ್ತಿದ್ದದ್ದು ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ) ನೋಡಿ, ಇಂಕು ಕೊಳ್ಳುತ್ತಿದ್ದದ್ದು ರೇಟ್ ನೋಡಿ. ಪ್ರಿಂಟರ್ ಜೊತೆ ಬಂದ ಇಂಕು ಮುಗಿದ ಮೇಲೆ ಅಗ್ಗದ ಲೋಕಲ್ ಇಂಕು ತುಂಬಿಸಿದ್ದೆ. ಹೊಸದಾಗಿ ತೆಗೆದಾಗ ಎರಡರ ಪ್ರಿಂಟೂ ಒಂದೇ ಥರ ಕಾಣುತ್ತಿತ್ತು. ಹಾಗಾಗಿ ವ್ಯತ್ಯಾಸ ಇಲ್ಲ ಅಂದುಕೊಂಡಿದ್ದೆ.

ಹಸಿರು ಯಾಕೆ ಆಯಿತು ಅಂತ ಹುಡುಕುತ್ತ ಹೋದಾಗ ಮೊದಲು ತಿಳಿದದ್ದು ಇದು. ನನ್ನ ಪ್ರಿಂಟರ್‌ನಲ್ಲಿ ಇರುವುದು ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ನೇರಳೆ ಬೆರೆತ ಕೆಂಪು), ಹಳದಿ, ಕಪ್ಪು, ತಿಳಿ ಸಯಾನ್, ತಿಳಿ ಮಜೆಂಟಾ. ಬೂದು ಇಂಕು ಇಲ್ಲವೇ ಇಲ್ಲ. ಕಪ್ಪು-ಬಿಳುಪು ಫೋಟೊದ ಬೂದು ಛಾಯೆಗಳನ್ನು ಅದು ಬಣ್ಣದ ಇಂಕು ಬೆರೆಸಿಯೇ ಮಾಡುತ್ತದೆ. ಅವುಗಳಲ್ಲಿ ಒಂದು ಮಾಸಿದರೂ ತಕ್ಕಡಿ ವಾಲುತ್ತದೆ. ಮಜೆಂಟಾ ಮಾಸಿದರೆ ಹಸಿರು, ಸಯಾನ್ ಮಾಸಿದರೆ ಕೆಂಪು. ಬಣ್ಣದ ಫೋಟೊದಲ್ಲಿ ಸ್ವಲ್ಪ ವಾಲಿದರೆ ಕಣ್ಣು ಸುಧಾರಿಸಿಕೊಳ್ಳುತ್ತದೆ. ಕಪ್ಪು-ಬಿಳುಪಿನಲ್ಲಿ ಕೂಡಲೇ ಗೊತ್ತಾಗುತ್ತದೆ.

ಇನ್ನು ಇಂಕಿನ ಜಾತಿ. ನನ್ನದು ಡೈ ಇಂಕು. ಅದರಲ್ಲಿ ಬಣ್ಣ ನೀರಿನಲ್ಲಿ ಸಕ್ಕರೆ ಕರಗಿದಂತೆ ಪೂರ್ತಿ ಕರಗಿರುತ್ತದೆ. ಪೇಪರಿನ ಮೇಲಿನ ಲೇಪದೊಳಗೆ ಇಳಿದು ಕೂರುತ್ತದೆ. ಅದಕ್ಕೇ ಗ್ಲಾಸಿ ಪೇಪರ್ ಮೇಲೆ ಅದರ ಹೊಳಪು ಅಷ್ಟು ಚೆಂದ. ಪಿಗ್ಮೆಂಟ್ ಇಂಕು ಹಾಗಲ್ಲ. ಸುಣ್ಣದ ನೀರಿನಲ್ಲಿ ಸುಣ್ಣ ತೇಲುವಂತೆ ಬಣ್ಣದ ಅತಿ ಸಣ್ಣ ಕಣಗಳು ತೇಲುತ್ತಿರುತ್ತವೆ. ಪ್ರಿಂಟ್ ಆದಾಗ ಕಣಗಳು ಮೇಲ್ಭಾಗದಲ್ಲೇ ಉಳಿಯುತ್ತವೆ. ಒಂದೊಂದು ಕಣದಲ್ಲಿ ಬಣ್ಣದ ಅಣುಗಳು ಗಟ್ಟಿಯಾಗಿ ಒತ್ತಿಕೊಂಡಿರುವುದರಿಂದ ಬಿಸಿಲು ಹೊರಗಿನ ಪದರ ತಿಂದರೂ ಒಳಗಿನದು ಉಳಿಯುತ್ತದೆ. ಡೈ ಇಂಕಿಗೆ ಆ ರಕ್ಷಣೆ ಇಲ್ಲ.

ಬಿಸಿಲು ಒಂದೇ ಅಲ್ಲ, ಗಾಳಿಯೂ ಬಣ್ಣ ತಿನ್ನುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಒಂದು ಜನಪ್ರಿಯ ಫೋಟೊ ಪ್ರಿಂಟರ್‌ನ ಪ್ರಿಂಟ್‌ಗಳು ಕೆಲವರ ಮನೆಯಲ್ಲಿ ಬೇಗನೆ ಕಿತ್ತಳೆ ಬಣ್ಣಕ್ಕೆ ತಿರುಗಿದವಂತೆ. ಗಾಳಿಯಲ್ಲಿನ ಓಝೋನ್ ಸಯಾನ್ ಇಂಕನ್ನು ತಿಂದಿತ್ತು. ಬೇಗ ಒಣಗುವ ಪೇಪರುಗಳ ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಇಂಕು ಒಳಗೆ ಇಳಿಯುವುದು ಆ ದಾರಿಯಲ್ಲೇ, ಗಾಳಿ ಹೋಗುವುದೂ ಅದೇ ದಾರಿಯಲ್ಲೇ.

ಪ್ಯಾಕೆಟ್ ಮೇಲೆ ಬರೆದ ವರ್ಷಗಳ ಲೆಕ್ಕವನ್ನು ನಾನು ಈಗ ಕಣ್ಣುಮುಚ್ಚಿ ನಂಬುವುದಿಲ್ಲ. ಪರೀಕ್ಷೆ ಮಾಡುವವರು ಮನೆಯ ಬೆಳಕು ಇಷ್ಟು ಅಂತ ಒಂದು ಅಂದಾಜು ಹಿಡಿಯುತ್ತಾರೆ. ವಿಲ್ಹೆಲ್ಮ್ ಸಂಸ್ಥೆ ದಿನಕ್ಕೆ 12 ತಾಸು 450 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಅಂತ ಹಿಡಿದರೆ, ಕೊಡಾಕ್ 120 ಲಕ್ಸ್ ಹಿಡಿಯುತ್ತಿತ್ತು. ಅಳತೆಗೋಲು ಬದಲಾದರೆ ಅದೇ ಪ್ರಿಂಟಿನ ಆಯುಷ್ಯ ಎಷ್ಟೋ ಪಟ್ಟು ಜಾಸ್ತಿ ಕಾಣುತ್ತದೆ. ನಮ್ಮ ಪಡಸಾಲೆಗೆ ಬಾಗಿಲಿನಿಂದ ಬೀಳುವ ಬೇಸಿಗೆಯ ಬಿಸಿಲು ಆ ಎರಡೂ ಲೆಕ್ಕದಲ್ಲಿ ಇಲ್ಲ.

ಹಾಗಾಗಿ ನಾನೇ ಪರೀಕ್ಷೆ ಮಾಡಲು ನಿಂತೆ. ಒಂದೇ ಚಿತ್ರ: ಒಂದು ಮುಖ, ಬೂದು ಪಟ್ಟಿಗಳು, ಒಂದು ಇಳಕಲ್ ಸೀರೆಯ ಸೆರಗು. ಲೋಕಲ್ ಇಂಕು, ಕಂಪನಿ ಇಂಕು ಎರಡರಲ್ಲೂ ನಾಲ್ಕು ನಾಲ್ಕು ಪೇಪರಿನ ಮೇಲೆ ತೆಗೆದೆ. ಬೆಳಗಾವಿಯ ಗೆಳೆಯರೊಬ್ಬರು ತಮ್ಮ ಪಿಗ್ಮೆಂಟ್ ಪ್ರಿಂಟರ್‌ನಲ್ಲಿ ಅದನ್ನೇ ತೆಗೆದು ಕಳಿಸಿದರು. ಪ್ರತಿಯೊಂದನ್ನೂ ಮೂರು ತುಂಡು ಮಾಡಿದೆ. ಒಂದು ತುಂಡು ಟ್ರಂಕಿನಲ್ಲಿ ಕತ್ತಲಲ್ಲಿ. ಒಂದು ಪಶ್ಚಿಮದ ಕಿಟಕಿಯಲ್ಲಿ ಗಾಜಿನ ಹಿಂದೆ. ಇನ್ನೊಂದು ನೆರಳಿನಲ್ಲೇ, ಆದರೆ ಗಾಜಿಲ್ಲದೆ, ಫ್ಯಾನಿನ ಗಾಳಿ ಬಡಿಯುವ ಗೋಡೆಯ ಮೇಲೆ. ಹೋಳಿ ಹುಣ್ಣಿಮೆಗೆ ಶುರು ಮಾಡಿ ನಾಗರಪಂಚಮಿವರೆಗೆ ಬಿಟ್ಟೆ. ಹದಿನೈದು ದಿನಕ್ಕೊಮ್ಮೆ ಟ್ರಂಕಿನ ತುಂಡಿನ ಪಕ್ಕ ಇಟ್ಟು ನೋಡುತ್ತಿದ್ದೆ.

ಅಗ್ಗದ ಗ್ಲಾಸಿ ಮೇಲಿನ ಲೋಕಲ್ ಇಂಕು ಕಿಟಕಿಯಲ್ಲಿ ಮೂರೇ ವಾರಕ್ಕೆ ಬಣ್ಣ ಬಿಟ್ಟಿತು. ಅಜ್ಜನ ಫೋಟೊದ ಹಸಿರೇ ಅಲ್ಲೂ ಬಂತು. ಫ್ಯಾನಿನ ಕೆಳಗಿನದು ನಿಧಾನಕ್ಕೆ ಪೇಲವವಾಯಿತು. ಕಂಪನಿ ಇಂಕು, ಒಳ್ಳೆ ಪೇಪರು ಸೇರಿದ್ದು ಕಿಟಕಿಯಲ್ಲಿ ಮೂರು ತಿಂಗಳ ಮೇಲೆ ಸ್ವಲ್ಪ ಮಾಸಿದ್ದು ಕಂಡಿತು. ಆದರೆ ಅದೇ ಕಂಪನಿ ಇಂಕು ಅಗ್ಗದ ಪೇಪರಿನ ಮೇಲೆ ಅದಕ್ಕಿಂತ ಬೇಗ ಸೋತಿತು. ನನಗೆ ಆಶ್ಚರ್ಯವಾದದ್ದು ಇಲ್ಲೇ. ಒಳ್ಳೆ ಇಂಕು ಹಾಕಿದರೆ ಮುಗಿಯಿತು ಅಂತ ಅಂದುಕೊಂಡಿದ್ದೆ. ಹಾಗಲ್ಲ, ಇಂಕು ಮತ್ತು ಪೇಪರು ಜೋಡಿ. ಒಂದನ್ನು ಬಿಟ್ಟು ಇನ್ನೊಂದರ ಮಾತು ಆಡಲಾಗುವುದಿಲ್ಲ. ಹತ್ತಿಯಿಂದ ಮಾಡಿದ ಕಾಟನ್ ಪೇಪರಿನ ಮೇಲಿನ ಪಿಗ್ಮೆಂಟ್ ತುಂಡಿಗೂ ಟ್ರಂಕಿನಲ್ಲಿದ್ದ ಅದರ ಜೋಡಿಗೂ ನಾಗರಪಂಚಮಿ ದಿನವೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಟ್ರಂಕಿನೊಳಗಿನ ತುಂಡುಗಳಂತೂ ಎಲ್ಲವೂ, ಲೋಕಲ್ ಇಂಕಿನವೂ, ಹಾಗೇ ಇದ್ದವು.

ಪೇಪರ್ ಪರೀಕ್ಷೆಗೆ ನಾನು ಅಂಗಡಿಯಲ್ಲಿ ಸ್ಯಾಂಪಲ್ ಹಾಳೆ ಕೇಳಿ ತರುತ್ತೇನೆ. ಜಿಎಸ್‌ಎಂ ಅಂದರೆ ಬರೀ ತೂಕ. 180ರ ಹಾಳೆಗಿಂತ 230ರ ಹಾಳೆ ದಪ್ಪ ಇರಬಹುದು, ಒಳ್ಳೆಯದೇ ಆಗಬೇಕೆಂದಿಲ್ಲ. ಮೂಲೆಯನ್ನು ನಿಧಾನಕ್ಕೆ ಹರಿದು ನೋಡಿ. ತೆಳ್ಳಗಿನ ಪ್ಲಾಸ್ಟಿಕ್ ಪದರ ಎದ್ದರೆ ಅದು ಆರ್‌ಸಿ ಪೇಪರ್, ಅಂದರೆ ಕಾಗದದ ಎರಡೂ ಬದಿಗೆ ಪಾಲಿಥಿನ್ ಹೊದಿಸಿದ್ದು. ಹಿಂಬದಿಗೆ ಒಂದು ಹನಿ ನೀರು ಬಿಡಿ. ಆರ್‌ಸಿ ಆದರೆ ಹನಿ ಹಾಗೇ ನಿಲ್ಲುತ್ತದೆ. ಸಾದಾ ಗ್ಲಾಸಿ ಆದರೆ ನೀರು ಹೀರಿ ಅಲೆ ಅಲೆಯಾಗುತ್ತದೆ. ಅದೇ ಹಾಳೆ ಮಳೆಗಾಲದಲ್ಲಿ ಫ್ರೇಮಿನೊಳಗೂ ಸುರುಳುತ್ತದೆ.

ಇನ್ನೊಂದು ಪರೀಕ್ಷೆ ನೋಟು ನೋಡುವ ಯುವಿ ದೀಪದ್ದು. ಕತ್ತಲಲ್ಲಿ ಹಾಳೆಯ ಮೇಲೆ ಬೆಳಕು ಬಿಟ್ಟರೆ ಕೆಲವು ಪೇಪರುಗಳು ನೀಲಿಯಾಗಿ ಹೊಳೆಯುತ್ತವೆ. ಬಟ್ಟೆಗೆ ನೀಲಿ ಹಾಕಿ ಬೆಳ್ಳಗೆ ಕಾಣಿಸುವ ಹಾಗೆ, ಪೇಪರು ಬೆಳ್ಳಗೆ ಕಾಣಲು ಹಾಕಿದ ಬ್ರೈಟ್ನರ್ ಅದು. ವರ್ಷಗಳು ಕಳೆದಂತೆ ಅದರ ಶಕ್ತಿ ಕುಂದುತ್ತದೆ, ಪೇಪರು ಹಳದಿಯಾದಂತೆ ಕಾಣುತ್ತದೆ. ಪಾಸ್‌ಪೋರ್ಟ್ ಫೋಟೊಗೆ ಇದು ದೊಡ್ಡ ವಿಷಯವಲ್ಲ. ತೀರಿಹೋದವರ ಫೋಟೊಗೆ ನಾನು ಆ ದೀಪದಲ್ಲಿ ಹೊಳೆಯದ ಪೇಪರನ್ನೇ ಹಿಡಿಯುತ್ತೇನೆ.

ಮುಂದಿನ ವರ್ಷ ಸಾಲ ಮಾಡಿ ಹತ್ತು ಇಂಕಿನ ಪಿಗ್ಮೆಂಟ್ ಪ್ರಿಂಟರ್ ತಂದೆ. 13×19 ಇಂಚಿನವರೆಗೆ ಹೋಗುತ್ತದೆ, ಬೂದು ಇಂಕು ಬೇರೆಯೇ ಇದೆ. ಹಳೆಯ ಡೈ ಪ್ರಿಂಟರ್‌ಗೇ ಪಿಗ್ಮೆಂಟ್ ಇಂಕು ಸುರಿದುಬಿಡು ಅಂತ ಸಲಹೆ ಕೊಟ್ಟವರಿದ್ದರು. ನಾನು ಒಪ್ಪಲಿಲ್ಲ. ಎರಡು ಜಾತಿ ಇಂಕು ಪೈಪಿನೊಳಗೆ ಬೆರೆತರೆ ಗಸಿ ಕಟ್ಟಿ, ಇಂಕು ಚಿಮ್ಮಿಸುವ ಹೆಡ್ ಬ್ಲಾಕ್ ಆಗಬಹುದು.

ಹೊಸದು ಬಂದ ಮೇಲೂ ಡೈ ಪ್ರಿಂಟರ್ ಮಾರಲಿಲ್ಲ. ಕಾರಣ ಇಳಕಲ್ ಸೀರೆ. ಮದುವೆಯಲ್ಲಿ ತೋಪ ತೆನಿ ಸೆರಗಿನ ಆ ಗಾಢ ಕೆಂಪು, ಅದರ ಮೇಲಿನ ಬಿಳಿ ಗೆರೆ ಎದ್ದು ಕಾಣಬೇಕು. ಹೊಳಪಿಲ್ಲದ ಮ್ಯಾಟ್ ಪೇಪರಿನ ಮೇಲೆ ಆ ಕೆಂಪು ಸತ್ತು ಇಟ್ಟಂಗಿ ಬಣ್ಣವಾಗುತ್ತದೆ. ಪಿಗ್ಮೆಂಟನ್ನು ಗ್ಲಾಸಿ ಮೇಲೆ ಹಾಕಿದರೆ ಬಣ್ಣ ಬರುತ್ತದೆ, ಆದರೆ ಓರೆಯಾಗಿ ಹಿಡಿದಾಗ ಕೆಲವು ಪೇಪರುಗಳಲ್ಲಿ ಕಪ್ಪು ಜಾಗ ತಾಮ್ರದಂತೆ ಮಿನುಗುತ್ತದೆ. ಡೈ ಇಂಕು, ಆರ್‌ಸಿ ಗ್ಲಾಸಿ ಅಥವಾ ಅರೆಹೊಳಪಿನ ಲಸ್ಟರ್ ಪೇಪರ್ ಸೇರಿದರೆ ಸೀರೆ ಸೀರೆಯಂತೆಯೇ ಕಾಣುತ್ತದೆ. ಆಲ್ಬಮ್ ಹೇಗೂ ಕಪಾಟಿನ ಕತ್ತಲಲ್ಲಿ ಮುಚ್ಚಿಕೊಂಡಿರುತ್ತದೆ, ಅಲ್ವಾ? ಟ್ರಂಕಿನ ತುಂಡುಗಳು ನನಗೆ ಆ ಧೈರ್ಯ ಕೊಟ್ಟಿವೆ. ಈಗ ಯಾರು ಪ್ರಿಂಟ್ ಕೇಳಿದರೂ ನನ್ನ ಮೊದಲ ಪ್ರಶ್ನೆ ಒಂದೇ: "ಎಲ್ಲಿ ಇಡ್ತೀರಿ?"

ಬಾದಾಮಿಯ ಗುಹೆಗಳ ಫೋಟೊಗಳನ್ನು ಒಬ್ಬರು ತಮ್ಮ ವಸತಿಗೃಹದ ಗೋಡೆಗೆ ಕೇಳಿದಾಗ ಕಾಟನ್ ಪೇಪರಿನ ಗುಣ ಪೂರ್ತಿ ತಿಳಿಯಿತು. ಕ್ರಿ.ಶ. 578ರ ಶಾಸನ ಇರುವ ಮೂರನೇ ಗುಹೆಯ ಕೆಂಪು ಮರಳುಗಲ್ಲು ಅದು. ಗ್ಲಾಸಿ ಮೇಲೆ ತೆಗೆದರೆ ಕಲ್ಲಿಗೆ ಎಣ್ಣೆ ಸವರಿದ ಹಾಗೆ ಕಂಡಿತು. ಹಾನೆಮ್ಯೂಲೆ ಕಂಪನಿಯ ಫೋಟೊ ರಾಗ್ ಅಂತ ಒಂದು ಪೇಪರ್ ಇದೆ, 308 ಜಿಎಸ್‌ಎಂ, ಪೂರ್ತಿ ಹತ್ತಿಯದು. ಅದರ ಮೇಲೆ ಕಲ್ಲಿನ ಒರಟು ಕೈಗೆ ಹತ್ತುವಂತೆ ಬಂತು. ಆದರೆ ಮ್ಯಾಟ್ ಪೇಪರಿಗೆ ಗ್ಲಾಸಿಯಷ್ಟು ಆಳದ ಕಪ್ಪು ಬರುವುದಿಲ್ಲ. ಗುಹೆಯ ಒಳಗಿನ ಕತ್ತಲೆಯೆಲ್ಲ ಮುದ್ದೆಯಾಗಿ, ಕಂಬಗಳೇ ಮಾಯವಾದವು. ನೆರಳಿನ ಭಾಗವನ್ನು ಸ್ವಲ್ಪ ತಿಳಿ ಮಾಡಿ ಮತ್ತೆ ತೆಗೆದೆ. ಮೂರನೆಯ ಹಾಳೆಗೆ ಸರಿಯಾಯಿತು. ಒಂದು ಹಾಳೆಗೆ ಸಾದಾ ಗ್ಲಾಸಿಯ ಹತ್ತು ಪಟ್ಟು ಮೀರಿದ ದುಡ್ಡು. ಹಾಗಾಗಿ ಈಗ ಮೊದಲು ಅದೇ ಹಾಳೆಯ ಸಣ್ಣ ಪಟ್ಟಿ ಕತ್ತರಿಸಿ ತೆಗೆದು ನೋಡುತ್ತೇನೆ.

ಸೆಟ್ಟಿಂಗ್ ಬಗ್ಗೆ ಒಂದು ಮಾತು. ಪ್ರಿಂಟ್ ಕೊಡುವಾಗ ಪೇಪರ್ ಟೈಪ್ ಅಂತ ಕೇಳುತ್ತದಲ್ಲ, ಎಷ್ಟು ಇಂಕು ಬಿಡಬೇಕು ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಪಿಗ್ಮೆಂಟ್ ಪ್ರಿಂಟರ್ ಆದರೆ ಗ್ಲಾಸಿ ಪೇಪರಿಗೆ ಒಗ್ಗುವ ಫೋಟೊ ಬ್ಲ್ಯಾಕ್ ಹಾಕಬೇಕೋ ಮ್ಯಾಟ್ ಪೇಪರಿಗೆ ಒಗ್ಗುವ ಮ್ಯಾಟ್ ಬ್ಲ್ಯಾಕ್ ಹಾಕಬೇಕೋ ಅನ್ನುವುದೂ ಅಲ್ಲೇ. ಪೇಪರ್ ಕಂಪನಿ ತನ್ನ ಪೇಪರಿಗೆ, ನಿಮ್ಮ ಪ್ರಿಂಟರ್‌ಗೆ ಐಸಿಸಿ ಪ್ರೊಫೈಲ್ (ಬಣ್ಣ ಸರಿಯಾಗಿ ಬರಲು ಕಂಪ್ಯೂಟರ್‌ಗೆ ಹಾಕುವ ಫೈಲ್) ಕೊಟ್ಟಿದ್ದರೆ ಅದನ್ನೇ ಹಾಕಿ. ಪ್ರೊಫೈಲ್ ಕೊಡದ ಪೇಪರನ್ನು ನಾನು ಗೋಡೆಯ ಫೋಟೊಗೆ ಬಳಸುವುದೇ ಬಿಟ್ಟಿದ್ದೇನೆ. ತೆಗೆದ ಕೂಡಲೇ ಬಣ್ಣ ನೋಡಿ ಗಾಬರಿಯಾಗಬೇಡಿ. ಪೂರ್ತಿ ಒಣಗಿದ ಮೇಲೆ ಬಣ್ಣ ಸ್ವಲ್ಪ ಬದಲಾಗುತ್ತದೆ. ಮರುದಿನ ಬೆಳಗಿನ ಬೆಳಕಿನಲ್ಲಿ ನೋಡಿಯೇ ತೀರ್ಮಾನ ಮಾಡಿ.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಎರಡು ವಾರ ಸುಮ್ನೆ ಬಿಟ್ಟರೆ ಹೆಡ್‌ನಲ್ಲಿ ಇಂಕು ಒಣಗುತ್ತದೆ, ಆಮೇಲೆ ಕ್ಲೀನಿಂಗ್ ಹೆಸರಲ್ಲಿ ಬಾಟಲಿಗಟ್ಟಲೆ ಇಂಕು ಹೋಗುತ್ತದೆ. ಎರಡು ದಿನಕ್ಕೊಮ್ಮೆ ಎಲ್ಲ ಬಣ್ಣ ಇರುವ ಸಣ್ಣ ಪ್ರಿಂಟ್ ತೆಗೆಯುತ್ತೇನೆ. ಪ್ರಿಂಟರ್ ಮೇಲೆ ಬಟ್ಟೆ ಹೊದಿಸಿ, ಫ್ಯಾನಿನ ಗಾಳಿಯಿಂದ ದೂರ ಇಟ್ಟಿದ್ದೇನೆ. ಹಾಳೆ ಹಾಕುವ ಮುಂಚೆ ಮೆತ್ತನೆಯ ಬ್ರಷ್‌ನಿಂದ ಧೂಳು ಒರೆಸುತ್ತೇನೆ. ಕಾಟನ್ ಪೇಪರಿನ ಮೇಲೆ ಒಂದು ಎಳೆ ಕೂತಿದ್ದರೂ ಅದು ಉದುರಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ.

ಅಜ್ಜಿಯ ಫೋಟೊವನ್ನು ದುಡ್ಡು ಇಸಿದುಕೊಳ್ಳದೆ ಮತ್ತೆ ಮಾಡಿಕೊಟ್ಟೆ. ಕಾಟನ್ ಪೇಪರು, ಪಿಗ್ಮೆಂಟ್ ಇಂಕು. ಒಂದು ದಿನ ಪೂರ್ತಿ ಆರಲು ಬಿಟ್ಟೆ. ಹಸಿ ಇರುವಾಗಲೇ ಫ್ರೇಮ್ ಹಾಕಿದರೆ ಒಳಗಿನಿಂದ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಗಾಜು ಫೋಟೊಗೆ ತಾಗದಂತೆ ಸುತ್ತ ಮೌಂಟ್ ಬೋರ್ಡ್ ಇಟ್ಟೆ. ಗಾಜಂತೂ ಬೇಕೇ ಬೇಕು. ನಮ್ಮಲ್ಲಿ ಹಿರಿಯರ ಫೋಟೊಗೆ ವಿಭೂತಿ, ಕುಂಕುಮ ಹಚ್ಚುತ್ತಾರೆ, ಊದಿನಕಡ್ಡಿ ಹೊಗೆ ತಾಗುತ್ತದೆ. ಅವರ ಮನೆಗೆ ನಾನೇ ಹೋದೆ. ಮೊದಲಿನ ಮೊಳೆ ಇದ್ದದ್ದು ಬಾಗಿಲಿನ ಎದುರಿಗೆ, ಸಂಜೆ ಬಿಸಿಲು ನೇರವಾಗಿ ಬೀಳುವ ಕಡೆ. ಬಿಸಿಲು ಬೀಳದ ಪಕ್ಕದ ಗೋಡೆಗೆ ಹೊಸ ಮೊಳೆ ಹೊಡೆದು ತೂಗುಹಾಕಿದೆ.

ಅದರ ಇನ್ನೊಂದು ಪ್ರತಿ ನನ್ನ ಟ್ರಂಕಿನಲ್ಲಿದೆ. ಹಿಂದೆ ಪೆನ್ಸಿಲ್‌ನಲ್ಲಿ ತಾರೀಕು, ಇಂಕು, ಪೇಪರಿನ ಹೆಸರು ಬರೆದಿಟ್ಟಿದ್ದೇನೆ. ಪ್ರತಿ ದೀಪಾವಳಿಗೆ ಅದನ್ನು ಅವರ ಮನೆಗೆ ಒಯ್ದು ಗೋಡೆಯ ಫೋಟೊದ ಪಕ್ಕ ಹಿಡಿಯುತ್ತೇನೆ. ಈ ಸಲ ಮೂರನೇ ದೀಪಾವಳಿ. ಅಜ್ಜಿ ಕನ್ನಡಕ ಹಾಕಿಕೊಂಡು ಎರಡನ್ನೂ ಹೊತ್ತುಗಟ್ಟಲೆ ನೋಡಿದರು. "ಎರಡೂ ಅವರ ಅದಾರ," ಅಂದು ನನಗೆ ಚಹಾ ಮಾಡಲು ಒಳಗೆ ಹೋದರು.