‘ಮಿಡ್‌ನೈಟ್ ಸನ್ಸ್’ ಚೀಲ ಒಡೆದು ಓದುವ ಕ್ರಮ

ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನ ‘ರೈಸ್ ಆಫ್ ದಿ ಮಿಡ್‌ನೈಟ್ ಸನ್ಸ್’ 1992ರ ಸರಕು. ಒಂದೇ ಕತೆ ಹಲವು ಸರಣಿಗಳಲ್ಲಿ ಹಂಚಿಹೋಗಿದೆ: ಒಟ್ಟು ಆರು ಸಂಚಿಕೆ, ಐದು ಸರಣಿ. ಅವುಗಳಲ್ಲಿ ನಾಲ್ಕು ಸರಣಿಗಳು ಶುರುವಾದದ್ದೇ ಈ ಕತೆಯೊಳಗೆ, ಹಾಗಾಗಿ ನಾಲ್ಕರ ಮೇಲೂ 1 ಎಂದೇ ಇದೆ. ಅಂಕೆ ನೋಡಿ ಜೋಡಿಸಲು ಹೋದವರು ಇಲ್ಲೇ ಎಡವುತ್ತಾರೆ. ನಾನು ಮುಖಪುಟದ ತಿಂಗಳು ಹಿಡಿದು ಓದುತ್ತೇನೆ: ಆಗಸ್ಟ್‌ನ ‘ಘೋಸ್ಟ್ ರೈಡರ್’ 28, ಅದೇ ತಿಂಗಳ ‘ಸ್ಪಿರಿಟ್ಸ್ ಆಫ್ ವೆಂಜೆನ್ಸ್’ 1, ಸೆಪ್ಟೆಂಬರ್‌ನ ‘ಮಾರ್ಬಿಯಸ್’ 1, ಅಕ್ಟೋಬರ್‌ನ ‘ಡಾರ್ಕ್‌ಹೋಲ್ಡ್’ 1, ನವೆಂಬರ್‌ನ ‘ನೈಟ್‌ಸ್ಟಾಕರ್ಸ್’ 1, ಕೊನೆಗೆ ‘ಘೋಸ್ಟ್ ರೈಡರ್’ 31. ನಡುವಿನ 29, 30 ಈ ಕತೆಗೆ ಸೇರಿದವಲ್ಲ. ಸೆಟ್ ಎಂದು ಮಾರುವವರು ಅವನ್ನೂ ತುರುಕಿದರೆ ಹೆಚ್ಚಿಗೆ ದುಡ್ಡು ಕೊಡಬೇಡಿ.

ಆರೂ ಬಂದದ್ದು ಪ್ಲಾಸ್ಟಿಕ್ ಚೀಲದಲ್ಲಿ, ಒಳಗೊಂದು ಮಡಿಚಿದ ಪೋಸ್ಟರ್ ಸಮೇತ. ಚೀಲ ಒಡೆದರೆ ಬೆಲೆ ಬೀಳುತ್ತದೆ ಎನ್ನುವವರಿದ್ದಾರೆ. ಬೀಳಲಿ. ಆ ಚೀಲ ಮಾಡಿದ್ದು ಮಾರಾಟಕ್ಕೆ, ಕಾಪಾಡುವುದಕ್ಕಲ್ಲ. ಕಾಲ ಕಳೆದಂತೆ ಅದು ಬಿಗಿದು ಮೂಲೆಗಳನ್ನು ಬಗ್ಗಿಸುತ್ತದೆ. ಪೋಸ್ಟರಿನ ಮಡಿಕೆ ಮುಖಪುಟದ ಮೇಲೆ ಒತ್ತಿ ಗೆರೆ ಮೂಡಿಸುತ್ತದೆ. ಬಿಚ್ಚುವಾಗ ಕಟರನ್ನು ನೇರ ಎಳೆಯಬಾರದು. ಮೇಲಂಚಿನ ಖಾಲಿ ಭಾಗವನ್ನು ಕತ್ತರಿಯಿಂದ ಸ್ವಲ್ಪವೇ ಕತ್ತರಿಸಿ, ಆ ಸಂದಿಯಲ್ಲಿ ತೆಳು ರಟ್ಟನ್ನು ಪುಸ್ತಕಕ್ಕೂ ಚೀಲಕ್ಕೂ ನಡುವೆ ಇಳಿಸಿ, ರಟ್ಟಿನ ಮೇಲೆಯೇ ಉಳಿದದ್ದನ್ನು ಕತ್ತರಿಸುತ್ತೇನೆ. ಆಮೇಲೆ ಪುಸ್ತಕವನ್ನು ಎಳೆಯುವುದಿಲ್ಲ, ಚೀಲವನ್ನೇ ಬದಿಯುದ್ದಕ್ಕೂ ಸೀಳಿ ತೆಗೆಯುತ್ತೇನೆ. ಎಳೆದರೆ ಹಿಂಬದಿ ಹಾಳೆ ಚೀಲಕ್ಕೆ ಅಂಟಿಕೊಂಡು ಮುದುರುತ್ತದೆ.

ಪೋಸ್ಟರಿಗೆ ಇಸ್ತ್ರಿ ಹಾಕುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಬೇಕು. ಎರಡು ಬಿಳಿ ಹಾಳೆಗಳ ನಡುವೆ ಬಿಡಿಸಿಟ್ಟು, ಮೇಲೆ ದಪ್ಪ ಪುಸ್ತಕ ಹೇರಿದರೆ ಸಾಕು. ಮಡಿಕೆ ಪೂರ್ತಿ ಮಾಯವಾಗುವುದಿಲ್ಲ. ಸೆಲೋಟೇಪ್ ಮಾತ್ರ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.

ಇನ್ನು ಕತೆ. ಪುರಾತನ ಜಲರಾಕ್ಷಸನ ಹೊಟ್ಟೆಯಲ್ಲಿ ಬಂದಿಯಾಗಿದ್ದ ಲಿಲಿತ್ ಹೊರಬಂದು ತನ್ನ ಸಂತಾನವಾದ ಲಿಲಿನ್‌ಗಳನ್ನು ಕೂಡಿಸುತ್ತಾಳೆ. ಅವಳನ್ನು ತಡೆಯಲು ಒಂಬತ್ತು ಜನ, ಅವರೇ ಮಿಡ್‌ನೈಟ್ ಸನ್ಸ್. ಇಷ್ಟೇ ಹೂರಣ. ನಡುವಿನ ಸಂಚಿಕೆಗಳೆಲ್ಲ ಆ ಒಂಬತ್ತು ಜನರನ್ನು ಪರಿಚಯಿಸುವ ಕೆಲಸ ಮಾಡುತ್ತವೆ. ಹಾಗಾಗಿ ಒಂದೇ ಕಾದಂಬರಿಯೆಂದು ಓದಿದರೆ ನಡುವೆ ಜಗ್ಗುತ್ತದೆ. ನಾಲ್ಕು ಹೊಸ ಸರಣಿಗಳ ಮೊದಲ ಅಧ್ಯಾಯಗಳೆಂದು ಓದಿದರೆ ದಕ್ಕುತ್ತದೆ. ‘ಡಾರ್ಕ್‌ಹೋಲ್ಡ್’ನ ಉಪಾಯ ನನಗೆ ಈಗಲೂ ಇಷ್ಟ: ಒಬ್ಬ ಕುಳ್ಳ, ಶಾಪದ ಪುಸ್ತಕದ ಹಾಳೆಯೊಂದನ್ನು ಯಾರಿಗೋ ಕೊಡುತ್ತಾನೆ, ಓದಿದವರ ಆಸೆ ಕೈಗೂಡುತ್ತದೆ, ಬೆಲೆ ಮಾತ್ರ ಭೀಕರ. ಬ್ಲೇಡ್, ಹ್ಯಾನಿಬಲ್ ಕಿಂಗ್, ಫ್ರ್ಯಾಂಕ್ ಡ್ರೇಕ್ ಎಂಬ ರಕ್ತಪಿಶಾಚಿ ಬೇಟೆಗಾರರು ಇರುವ ‘ನೈಟ್‌ಸ್ಟಾಕರ್ಸ್’ ಸಾಧಾರಣ.

ಚಿತ್ರಗಳಿಗಾಗಿ ‘ಘೋಸ್ಟ್ ರೈಡರ್’ 28ನ್ನು ನಿಧಾನ ನೋಡಿ. ಬರವಣಿಗೆ ಹೊವರ್ಡ್ ಮ್ಯಾಕಿಯದು. ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸಿದ್ದು ಆ್ಯಂಡಿ ಕ್ಯೂಬರ್ಟ್, ಅದರ ಮೇಲೆ ಶಾಯಿ ತಿದ್ದಿದ್ದು ತಂದೆ ಜೋ ಕ್ಯೂಬರ್ಟ್. ‘ಸ್ಪಿರಿಟ್ಸ್’ ಬರೆದದ್ದೂ ಮ್ಯಾಕಿಯೇ, ಬಿಡಿಸಿದ್ದು ಇನ್ನೊಬ್ಬ ಮಗ ಆ್ಯಡಂ. ಜೋ ಅವರ ಕುಂಚದ ಒರಟು ಗೆರೆ ಘೋಸ್ಟ್ ರೈಡರ್‌ನ ಉರಿವ ತಲೆಬುರುಡೆಗೆ ಹೇಳಿ ಮಾಡಿಸಿದ್ದು.

ಓದಿದ ಮೇಲೆ ಹಳೆಯ ಚೀಲಕ್ಕೆ ವಾಪಸ್ ಹಾಕುವುದಿಲ್ಲ. ಪಾಲಿಪ್ರೊಪಿಲೀನ್ ಚೀಲ, ಹಿಂದೆ ಆಮ್ಲರಹಿತ ರಟ್ಟು, ಪೋಸ್ಟರಿಗೆ ಬೇರೆ ಚೀಲ. ಪಿವಿಸಿ ಬೇಡವೇ ಬೇಡ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮೊದಲು ಕೆಡುವುದು ಸ್ಟೇಪಲ್ ಪಿನ್: ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿನ್ನುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಗೋಡೆಗೆ ತಾಗಿಸಿ ಇಡಬೇಡಿ.

ಇದೇ ಬಳಗದ ಕತೆ ಓದುತ್ತಾ ಮುಂದುವರಿಯುವುದಾದರೆ 1993ರ ‘ಮಿಡ್‌ನೈಟ್ ಮ್ಯಾಸಕರ್’ ಐದು ಭಾಗ, ಶುರು ‘ನೈಟ್‌ಸ್ಟಾಕರ್ಸ್’ 10ರಿಂದ. ಅದರ ಗಿಮಿಕ್ ಬೇರೆ: ಚಿನ್ನದ ಶಾಯಿಯ ಕಪ್ಪು ಹೊರಹೊದಿಕೆ. ಕಪ್ಪು ಕಾಗದ ಮಡಿಸಿದಲ್ಲೆಲ್ಲ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ. ಕೊಳ್ಳುವಾಗ ಬೆನ್ನಿನ ಅಂಚಿನ ಫೋಟೊ ಕೇಳಿ. ಅದರಾಚೆಯ ‘ಸೀಜ್ ಆಫ್ ಡಾರ್ಕ್‌ನೆಸ್’ 17 ಭಾಗ, ಹಲವು ಸರಣಿಗಳಲ್ಲಿ ಚೆದುರಿದೆ. ಅಷ್ಟಕ್ಕೆ ಬಿಡಿ ಸಂಚಿಕೆ ಹುಡುಕುವ ಬದಲು ಸಂಗ್ರಹ ಆವೃತ್ತಿಯೇ ವಾಸಿ.