ಎರಡು ಕೈಗೂ ಕತ್ತಿ ಕೊಟ್ಟರೆ ಪೆಟ್ಟು ಎಷ್ಟು?

ದಾಳ ಹಾಕುತ್ತ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಬರುವ ಹೊಸಬರಲ್ಲಿ ಹೆಚ್ಚಿನವರಿಗೆ ಒಂದೇ ಆಸೆ. ಬಲಗೈಗೊಂದು ಕತ್ತಿ, ಎಡಗೈಗೊಂದು ಕತ್ತಿ. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಬದಿಯಡ್ಕದಲ್ಲಿ ನಮ್ಮ ಅಡಿಕೆ ಅಂಗಡಿಯ ಮೇಲಿನ ಕೋಣೆಯಲ್ಲಿ ಆದಿತ್ಯವಾರ ಮಧ್ಯಾಹ್ನ ಆಟ ನಡೆಸುವವನು ನಾನೇ, ಅಂದರೆ ಡಂಜನ್ ಮಾಸ್ಟರ್, ಡಿಎಂ. ಅಲ್ಲಿ ಅತಿ ಹೆಚ್ಚು ಚರ್ಚೆ ಆಗುವುದು ಮಾಟ ಮಂತ್ರದ ಬಗ್ಗೆ ಅಲ್ಲ, ಈ ಎರಡನೇ ಕತ್ತಿಯ ಬಗ್ಗೆ. ಕನ್ನಡ, ತುಳು, ಮಲಯಾಳ ಮೂರರಲ್ಲೂ ಜಗಳ ನಡೆಯುತ್ತದೆ. ನನ್ನ ಭಾವನದ್ದು ರೇಂಜರ್ ಪಾತ್ರ, ಅಂದರೆ ಕಾಡು ಅಲೆಯುವ ಬೇಟೆಗಾರ. ಅವನು ಪ್ರತಿ ಸರದಿಯ ಕೊನೆಗೂ ಹವ್ಯಕದಲ್ಲಿ ಹೇಳುವುದು ಒಂದೇ: "ಎನಗೆ ಇನ್ನೊಂದು ಪೆಟ್ಟು ಇದ್ದು ಭಾವ."

ಕೆಲವು ಸಲ ಇರುತ್ತದೆ, ಕೆಲವು ಸಲ ಇರುವುದಿಲ್ಲ. ಯಾವಾಗ ಇರುತ್ತದೆ ಎಂದು ಹೇಳುತ್ತೇನೆ.

ಮೊದಲು ಒಂದು ಸರದಿಯಲ್ಲಿ ಏನೆಲ್ಲ ಸಿಗುತ್ತದೆ ನೋಡಿ. ನಡೆಯಲು ಇಷ್ಟು ದೂರ ಅಂತ ಇದೆ. ಒಂದು ಆ್ಯಕ್ಷನ್ ಇದೆ. ಒಂದು ಬೋನಸ್ ಆ್ಯಕ್ಷನ್ ಇದೆ, ಅದೂ ಅದನ್ನು ಬಳಸುವ ದಾರಿ ನಿಮ್ಮ ಪಾತ್ರಕ್ಕೆ ಇದ್ದರೆ ಮಾತ್ರ. ಇನ್ನೊಬ್ಬರ ಸರದಿಯಲ್ಲಿ ಬಳಸಬಹುದಾದ ಒಂದು ರಿಯಾಕ್ಷನ್ ಬೇರೆ. ಈ ಆಟಕ್ಕೆ 2014ರದ್ದು, 2024ರದ್ದು ಎಂದು ಎರಡು ನಿಯಮ ಪುಸ್ತಕಗಳಿವೆ. 2014ರ ನಿಯಮದಲ್ಲಿ ಎರಡು ಕತ್ತಿಯ ಲೆಕ್ಕ ಹೀಗೆ: ನೀವು ಅಟ್ಯಾಕ್ ಆ್ಯಕ್ಷನ್ ತೆಗೆದುಕೊಂಡು, ಒಂದು ಕೈಯಲ್ಲಿರುವ 'ಲೈಟ್' (ಹಗುರ) ಆಯುಧದಿಂದ ಹೊಡೆಯಬೇಕು. ಆಗ ಇನ್ನೊಂದು ಕೈಯಲ್ಲಿರುವ ಬೇರೆ ಲೈಟ್ ಆಯುಧದಿಂದ, ಬೋನಸ್ ಆ್ಯಕ್ಷನ್ ಖರ್ಚು ಮಾಡಿ, ಒಂದು ಪೆಟ್ಟು ಹೊಡೆಯಬಹುದು. ಆ ಪೆಟ್ಟಿನ ಗಾಯಕ್ಕೆ ನಿಮ್ಮ ಬಲ ಅಥವಾ ಚುರುಕಿನ ಮಾಡಿಫೈಯರ್ (ದಾಳಕ್ಕೆ ಕೂಡಿಸುವ ಸಂಖ್ಯೆ) ಸೇರುವುದಿಲ್ಲ. ಮಾಡಿಫೈಯರ್ ಮೈನಸ್ ಆಗಿದ್ದರೆ ಮಾತ್ರ ಸೇರುತ್ತದೆ! ಗುರಿ ತಾಗುತ್ತದೋ ಇಲ್ಲವೋ ಎಂದು ನೋಡುವ ಡಿ20ಗೆ, ಅಂದರೆ 20 ಮುಖದ ದಾಳಕ್ಕೆ, ಮಾತ್ರ ಎಲ್ಲವೂ ಎಂದಿನಂತೆ ಸೇರುತ್ತದೆ.

ಪಾತ್ರದ ಹಾಳೆಯಲ್ಲಿ ಎರಡು ಸಾಲಾಗಿ ಬರೆದುಬಿಡಿ. ಭಾವನ ಹಾಳೆಯಲ್ಲಿ ಮೊದಲು ಹೀಗಿತ್ತು: "ಬಲ: ಶಾರ್ಟ್‌ಸೋರ್ಡ್, +5, ಡಿ6+3. ಎಡ: ಶಾರ್ಟ್‌ಸೋರ್ಡ್, +5, ಡಿ6." +5 ತಾಗುವ ದಾಳಕ್ಕೆ, ಡಿ6 (ಆರು ಮುಖದ ದಾಳ) ಗಾಯಕ್ಕೆ. ಎಡಗೈ ಸಾಲಿನಲ್ಲಿ +3 ಇಲ್ಲ ಎಂಬುದು ಕಣ್ಣಿಗೆ ಕಾಣುತ್ತಿರಬೇಕು. ಇಲ್ಲದಿದ್ದರೆ ಹುಮ್ಮಸ್ಸಿನಲ್ಲಿ ಸೇರಿಸಿಯೇ ಬಿಡುತ್ತಾರೆ. ಎರಡನೇ ಲೆವೆಲ್‌ನಲ್ಲಿ ರೇಂಜರ್‌ಗೆ ಫೈಟಿಂಗ್ ಸ್ಟೈಲ್ ಸಿಗುತ್ತದೆ, ಫೈಟರ್‌ಗೆ ಮೊದಲ ಲೆವೆಲ್‌ನಲ್ಲೇ. ಅದರಲ್ಲಿ ಟೂ-ವೆಪನ್ ಫೈಟಿಂಗ್ ಆರಿಸಿಕೊಂಡರೆ ಆ +3 ಎಡಗೈಗೂ ಬರುತ್ತದೆ. ಎರಡು ಕತ್ತಿ ಹಿಡಿಯುವವರು ಇದನ್ನು ಬಿಡಬಾರದು.

ಎಲ್ಲರಿಗೂ ಬೇಕಾದ ರೇಪಿಯರ್ ಮತ್ತು ಬಾಕು ಜೋಡಿ? ರೇಪಿಯರ್ ಎಂಬ ಉದ್ದ ಚುಚ್ಚುಗತ್ತಿ ಲೈಟ್ ಅಲ್ಲ. ಹಾಗಾಗಿ ಸುಮ್ನೆ ಆಗುವುದಿಲ್ಲ. ಡುಯಲ್ ವೀಲ್ಡರ್ ಎಂಬ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಕೌಶಲ) ತೆಗೆದುಕೊಂಡವರಿಗೆ ಮಾತ್ರ. 2014ರಲ್ಲಿ ಆ ಫೀಟ್ ಇದ್ದರೆ ಒಂದೇ ಕೈಯಲ್ಲಿ ಹಿಡಿಯುವ ಯಾವ ಹತ್ತಿರದ ಆಯುಧವೂ ನಡೆಯುತ್ತದೆ, ಪೆಟ್ಟು ತಾಗಲು ಶತ್ರುವಿನ ದಾಳ ಮುಟ್ಟಬೇಕಾದ ಸಂಖ್ಯೆಯಾದ ಆರ್ಮರ್ ಕ್ಲಾಸ್‌ಗೂ ಒಂದು ಜಾಸ್ತಿ.

ಎಕ್ಸ್‌ಟ್ರಾ ಅಟ್ಯಾಕ್ ಬೇರೆ, ಇದು ಬೇರೆ

ಐದನೇ ಲೆವೆಲ್ ಬಂದ ದಿನ ಪ್ರತಿಯೊಬ್ಬರೂ ಮಾಡುವ ಲೆಕ್ಕ: "ಎಕ್ಸ್‌ಟ್ರಾ ಅಟ್ಯಾಕ್ ಬಂತು, ಬಲಗೈಗೆ ಎರಡು, ಎಡಗೈಗೆ ಎರಡು, ಒಟ್ಟು ನಾಲ್ಕು." ಅಲ್ಲ. ಮೂರು. ಎಕ್ಸ್‌ಟ್ರಾ ಅಟ್ಯಾಕ್ ದೊಡ್ಡದು ಮಾಡುವುದು ಅಟ್ಯಾಕ್ ಆ್ಯಕ್ಷನ್ ಅನ್ನು ಮಾತ್ರ. ಅದರಲ್ಲಿ ಒಂದರ ಬದಲು ಎರಡು ಪೆಟ್ಟು. ಎಡಗೈಯ ಪೆಟ್ಟು ಬೋನಸ್ ಆ್ಯಕ್ಷನ್‌ನದ್ದು, ಅದು ಒಂದೇ. ಫೈಟರ್ 11ನೇ ಲೆವೆಲ್‌ಗೆ ಮೂರು, 20ಕ್ಕೆ ನಾಲ್ಕು ಪೆಟ್ಟಿನವರೆಗೆ ಹೋಗುತ್ತಾನೆ, ಆಗಲೂ ಎಡಗೈಗೆ ಒಂದೇ. ಐದು ಲೆವೆಲ್ ಫೈಟರ್, ಐದು ಲೆವೆಲ್ ರೇಂಜರ್ ಎಂದು ಎರಡು ಕ್ಲಾಸ್ (ಪಾತ್ರದ ಕಸುಬು) ಬೆರೆಸಿದವರಿಗೂ ಎರಡು ಕಡೆಯ ಎಕ್ಸ್‌ಟ್ರಾ ಅಟ್ಯಾಕ್ ಕೂಡುವುದಿಲ್ಲ. ಫೈಟರ್‌ನ ಆ್ಯಕ್ಷನ್ ಸರ್ಜ್ ಕೊಡುವುದು ಇನ್ನೊಂದು ಆ್ಯಕ್ಷನ್, ಇನ್ನೊಂದು ಬೋನಸ್ ಆ್ಯಕ್ಷನ್ ಅಲ್ಲ. ಹಾಗಾಗಿ ಐದನೇ ಲೆವೆಲ್ ಫೈಟರ್ ಸರ್ಜ್ ಮಾಡಿದರೆ ಎರಡು, ಮತ್ತೆರಡು, ಎಡಗೈಗೆ ಒಂದು. ಒಟ್ಟು ಐದು.

ನಿಜವಾದ ಪ್ರಶ್ನೆ ಇರುವುದು ಈ ಬೋನಸ್ ಆ್ಯಕ್ಷನ್‌ನಲ್ಲೇ. ಅದು ಜೇಬಿನಲ್ಲಿ ಉಳಿದ ಒಂದೇ ಒಂದು ನೂರರ ನೋಟಿನ ಹಾಗೆ, ತರಕಾರಿಗೆ ಕೊಟ್ಟರೆ ಬಸ್ಸಿಗಿಲ್ಲ. ಬಾರ್ಬೇರಿಯನ್ ರೇಜ್ (ಕೋಪದ ಆವೇಶ) ಶುರು ಮಾಡಲು ಅದೇ ಬೇಕು. ಮಾಂಕ್‌ನ ಬರಿಗೈ ಗುದ್ದಿಗೂ ಅದೇ. ರೋಗ್ ತಪ್ಪಿಸಿಕೊಳ್ಳಲು, ಅಡಗಲು ಅದೇ. ರೇಂಜರ್‌ನ ಹಂಟರ್ಸ್ ಮಾರ್ಕ್ ಮಂತ್ರಕ್ಕೂ ಅದೇ. ಹಾಗಾಗಿ ಪಾತ್ರ ಕಟ್ಟುವ ಮೊದಲು ನಿಮ್ಮ ಕ್ಲಾಸ್ ಬೋನಸ್ ಆ್ಯಕ್ಷನ್ ಕೇಳುವ ಜಾಗಗಳನ್ನು ಎಣಿಸಿ. ಎಣಿಕೆ ಜಾಸ್ತಿ ಇದ್ದರೆ ಎರಡನೇ ಕತ್ತಿ ಸೊಂಟದಲ್ಲೇ ಉಳಿಯುತ್ತದೆ.

ಸುರಂಗದೊಳಗೆ ಒಂದು ಸರದಿ

ನಮ್ಮ ಕಡೆ ನೀರಿಗಾಗಿ ಗುಡ್ಡೆಯ ಮುರಕಲ್ಲು ಕೊರೆದ ಸುರಂಗಗಳಿವೆ ಅಲ್ವಾ, ನನ್ನ ಡಂಜನ್‌ಗಳು ಹೆಚ್ಚಾಗಿ ಅವೇ. ಬೇರೆ ನಕ್ಷೆ ಯಾಕೆ ಬೇಕು? ಒಬ್ಬ ಬಗ್ಗಿ ಹೋಗುವಷ್ಟು ಜಾಗ, ಕಾಲಡಿ ನೀರು, ತಲೆಯ ಮೇಲೆ ಬಾವಲಿ. ಅದರೊಳಗೆ ಗಾಬ್ಲಿನ್‌ಗಳು. 2014ರ ಪುಸ್ತಕದ ಗಾಬ್ಲಿನ್‌ಗೆ ಆರ್ಮರ್ ಕ್ಲಾಸ್ 15, ಹಿಟ್ ಪಾಯಿಂಟ್ 7, ಅಂದರೆ 7 ಗಾಯಕ್ಕೆ ಬೀಳುತ್ತದೆ.

ಭಾವನಿಗೆ +5. ಡಿ20ಯಲ್ಲಿ 10 ಅಥವಾ ಮೇಲೆ ಬಿದ್ದರೆ ತಾಗಿತು, ಅಂದರೆ ನೂರಕ್ಕೆ 55. ಎರಡು ಪೆಟ್ಟಿದ್ದರೆ ಒಂದಾದರೂ ತಾಗುವ ಸಾಧ್ಯತೆ ಸುಮಾರು 80. ಎರಡು ಕತ್ತಿಯ ಸುಖ ಇದೇ: ಸರದಿ ಪೂರ್ತಿ ಖಾಲಿ ಹೋಗುವುದು ಕಡಿಮೆ. ಮೊದಲ ಪೆಟ್ಟಿಗೆ ಗಾಬ್ಲಿನ್ ಬಿದ್ದರೆ ಎರಡನೆಯದನ್ನು ಪಕ್ಕದವನಿಗೆ ಹೊಡೆಯಬಹುದು, ಅದಕ್ಕೆ ನಿಯಮದ ಅಡ್ಡಿ ಇಲ್ಲ. ಆದರೆ ಶಾರ್ಟ್‌ಸೋರ್ಡಿನ ಒಂದು ಪೆಟ್ಟು ಡಿ6+3. 7 ಆಗಬೇಕಾದರೆ ದಾಳದಲ್ಲಿ 4 ಬೀಳಬೇಕು. ತಾಗಿದರೂ ಅರ್ಧ ಸಲ ಗಾಬ್ಲಿನ್ ನಿಂತೇ ಇರುತ್ತದೆ. ಅದೇ ಗ್ರೇಟ್‌ಸೋರ್ಡ್ ಹಿಡಿದ ಕುಂಬಳೆಯ ಗೆಳೆಯ ಎರಡು ಡಿ6 ಹಾಕಿ 3 ಸೇರಿಸುತ್ತಾನೆ. ತಾಗಿದರೆ ನೂರರಲ್ಲಿ 90ಕ್ಕೂ ಹೆಚ್ಚು ಸಲ ಗಾಬ್ಲಿನ್ ಮಲಗಿತು. ಅವನಿಗೆ ಪೆಟ್ಟು ಒಂದೇ, ಹಾಗಾಗಿ ತಾಗುವುದು ಕಡಿಮೆ, ತಾಗಿದರೆ ಕಥೆ ಮುಗಿಯಿತು.

ಇಲ್ಲಿ ಭಾವ ಹಂಟರ್ಸ್ ಮಾರ್ಕ್ ಹಾಕುತ್ತೇನೆ ಅಂದರೆ ನಾನು ಕೇಳುತ್ತೇನೆ, ಯಾಕೆ? ಮಾರ್ಕ್ ಹಾಕಲು ಬೋನಸ್ ಆ್ಯಕ್ಷನ್ ಹೋಯಿತು. ಈ ಸರದಿಗೆ ಎಡಗೈ ಪೆಟ್ಟಿಲ್ಲ. ಪ್ರತಿ ಪೆಟ್ಟಿಗೆ ಒಂದು ಡಿ6 ಜಾಸ್ತಿ ಸಿಗುತ್ತದೆ ನಿಜ, ಆದರೆ ಆ ಗಾಬ್ಲಿನ್ ಸತ್ತರೆ ಮಾರ್ಕ್ ಇನ್ನೊಬ್ಬನ ಮೇಲೆ ದಾಟಿಸಲು ಮುಂದಿನ ಸರದಿಯಲ್ಲಿ ಮತ್ತೆ ಬೋನಸ್ ಆ್ಯಕ್ಷನ್. ಚಿಲ್ಲರೆ ಗಾಬ್ಲಿನ್‌ಗಳ ನಡುವೆ ಮಾರ್ಕ್ ದಾಟಿಸುತ್ತಲೇ ಇರಬೇಕು, ಎರಡನೇ ಕತ್ತಿಗೆ ಕೆಲಸವೇ ಇಲ್ಲ. 59 ಹಿಟ್ ಪಾಯಿಂಟಿನ ದೈತ್ಯ ಓಗರ್ ಬಂದಾಗ ಮಾತು ಬೇರೆ. ಮೊದಲ ಸರದಿಯಲ್ಲಿ ಮಾರ್ಕ್, ಎರಡನೇ ಸರದಿಯಿಂದ ಎರಡೂ ಕೈ. ತಾಗಿದ ಪ್ರತಿ ಪೆಟ್ಟಿಗೂ ಡಿ6. ಪೆಟ್ಟಿಗೆ ಇಷ್ಟು ಎಂದು ಕೊಡುವ ಯಾವ ಲಾಭವಾದರೂ ಎರಡು ಕತ್ತಿಯವನಿಗೆ ಹೆಚ್ಚು ಸಲ ಸಿಗುತ್ತದೆ.

ರೋಗ್‌ಗೆ ನಾನು ಎರಡು ಬಾಕು ಅಥವಾ ಎರಡು ಶಾರ್ಟ್‌ಸೋರ್ಡ್ ಹಿಡಿ ಎಂದೇ ಹೇಳುವುದು. ಅವನ ಸ್ನೀಕ್ ಅಟ್ಯಾಕ್, ಅಂದರೆ ಹೊಂಚಿನ ಪೆಟ್ಟಿಗೆ ಸಿಗುವ ಹೆಚ್ಚಿನ ಗಾಯದ ದಾಳಗಳು, ಸರದಿಗೆ ಒಂದೇ ಸಲ, ಎರಡು ಪೆಟ್ಟು ತಾಗಿದರೂ ಒಂದೇ. ಆದರೆ ಮೊದಲನೆಯದು ತಪ್ಪಿದರೆ ಎರಡನೇ ಪೆಟ್ಟಿಗೆ ಆ ದಾಳಗಳೆಲ್ಲ ಬರುತ್ತವೆ. ಇಲ್ಲೊಂದು ಚಂದದ ವಿಷಯ ಇದೆ. ಬೋನಸ್ ಆ್ಯಕ್ಷನ್ ಏನು ಮಾಡಬೇಕು ಎಂದು ಮೊದಲೇ ಹೇಳಬೇಕಾಗಿಲ್ಲ. ಮೊದಲ ದಾಳ ಹಾಕಿ. ತಾಗಿತೋ? ಸ್ನೀಕ್ ಅಟ್ಯಾಕ್ ಕೊಟ್ಟು, ಬೋನಸ್ ಆ್ಯಕ್ಷನ್‌ನಲ್ಲಿ ಡಿಸ್‌ಎಂಗೇಜ್ ಮಾಡಿ, ಶತ್ರುವಿನ ರಿಯಾಕ್ಷನ್ ಪೆಟ್ಟು ತಿನ್ನದೆ ಹಿಂದೆ ಸರಿಯಿರಿ. ತಪ್ಪಿತೋ? ಎಡಗೈ ಹೊಡೆಯಿರಿ. ಎರಡು ಡಿ20 ಒಟ್ಟಿಗೆ ಉರುಳಿಸುವ ಅವಸರದವರು ಈ ಆಯ್ಕೆಯನ್ನು ಸುಮ್ನೆ ಕಳೆದುಕೊಳ್ಳುತ್ತಾರೆ. ಫೈಟರ್‌ಗಳು ಬೇಕಾದರೆ ಕೆಂಪು ದಾಳ ಬಲಕ್ಕೆ, ನೀಲಿ ಎಡಕ್ಕೆ ಎಂದು ಹೇಳಿ ಒಟ್ಟಿಗೆ ಹಾಕಲಿ. ಪೆರ್ಲದ ಬಸ್ಸು ಹಿಡಿಯುವವರಿಗೆ ಅಷ್ಟು ಹೊತ್ತು ಉಳಿಯುತ್ತದೆ.

ಇನ್ನು ಸುರಂಗದಲ್ಲಿ ದೀಪ ಹಿಡಿಯುವವರು ಯಾರು? ನಗಬೇಡಿ. ಎರಡು ಕೈಯಲ್ಲೂ ಕತ್ತಿ ಇದ್ದರೆ ಪಂಜಿಗೆ ಕೈಯಿಲ್ಲ, ಗುರಾಣಿಗೂ ಇಲ್ಲ. 2014ರ ಪುಸ್ತಕದ ಎಲ್ಫ್, ಡ್ವಾರ್ಫ್‌ಗೆ ಕತ್ತಲಲ್ಲಿ 60 ಅಡಿ ಕಾಣುತ್ತದೆ, ಮನುಷ್ಯ ರೇಂಜರ್‌ಗೆ ಕಾಣುವುದಿಲ್ಲ. ಜೊತೆಗಿರುವ ವಿಜರ್ಡ್ ಲೈಟ್ ಎಂಬ ಬೆಳಕಿನ ಮಂತ್ರವನ್ನು ಕತ್ತಿಯ ಮೇಲೆಯೇ ಹಾಕಿದರೆ ಸಮಸ್ಯೆ ಮುಗಿಯಿತು. ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ಮಂತ್ರ ಹಾಕಬೇಕೆಂದರೂ ಒಂದು ಕೈ ಖಾಲಿ ಬೇಕು, ಅದಕ್ಕೆ ಕೈ ಆಡಿಸಬೇಕು. ಹಂಟರ್ಸ್ ಮಾರ್ಕ್‌ಗೆ ಬಾಯಿ ಸಾಕು. 2014ರ ನಿಯಮದಲ್ಲಿ ಕತ್ತಿ ಹಿರಿಯುವುದಕ್ಕೂ ಮಿತಿ ಇದೆ. ಒಂದು ಸರದಿಯಲ್ಲಿ ಪುಕ್ಕಟೆ ಹಿರಿಯಬಹುದಾದದ್ದು ಒಂದೇ. ಡುಯಲ್ ವೀಲ್ಡರ್ ಫೀಟ್ ಇದ್ದವರು ಎರಡನ್ನೂ ಒಟ್ಟಿಗೆ ಹಿರಿಯಬಹುದು. ನಮ್ಮವರು ಇದಕ್ಕಾಗಿಯೇ ಸುರಂಗದ ಬಾಯಿಯಲ್ಲೇ ಕತ್ತಿ ಹಿರಿದುಕೊಂಡು ನುಗ್ಗುತ್ತಾರೆ.

ದೊಡ್ಡ ಲೆವೆಲ್‌ನಲ್ಲಿ ಏನಾಗುತ್ತದೆ

ಎಲ್ಲ ಪೆಟ್ಟೂ ತಾಗಿತು ಎಂದಿಟ್ಟುಕೊಂಡು ಫೈಟರ್‌ನ ಸರಾಸರಿ ನೋಡೋಣ. ಮೊದಲ ಲೆವೆಲ್, ಮಾಡಿಫೈಯರ್ 3: ಸ್ಟೈಲ್ ಇರುವ ಎರಡು ಶಾರ್ಟ್‌ಸೋರ್ಡಿಗೆ 13, ಗ್ರೇಟ್‌ಸೋರ್ಡಿಗೆ 10. ಐದನೇ ಲೆವೆಲ್, ಮಾಡಿಫೈಯರ್ 4: 22.5 ಮತ್ತು 22. ಹನ್ನೊಂದನೇ ಲೆವೆಲ್, ಮಾಡಿಫೈಯರ್ 5: 34 ಮತ್ತು 36. ಗ್ರೇಟ್‌ಸೋರ್ಡಿನವನು ತನ್ನದೇ ಫೈಟಿಂಗ್ ಸ್ಟೈಲ್ ತೆಗೆದುಕೊಂಡರೆ ಐದರಲ್ಲೇ ಮುಂದೆ ಹೋಗುತ್ತಾನೆ. ಕಾರಣ ನೇರ. ಪ್ರತಿ ಎಕ್ಸ್‌ಟ್ರಾ ಅಟ್ಯಾಕ್‌ಗೂ ಅವನ ದೊಡ್ಡ ದಾಳ ಇನ್ನೊಮ್ಮೆ ಬೀಳುತ್ತದೆ, ನಿಮ್ಮ ಎಡಗೈ ಮಾತ್ರ ಒಂದಕ್ಕೇ ನಿಂತಿದೆ. ಅದಕ್ಕಿಂತ ಹೊಟ್ಟೆ ಉರಿಸುವ ವಿಷಯ, ಅವನ ಬೋನಸ್ ಆ್ಯಕ್ಷನ್ ಇನ್ನೂ ಖರ್ಚೇ ಆಗಿಲ್ಲ.

2024ರ ಪುಸ್ತಕ ಇದನ್ನೇ ರಿಪೇರಿ ಮಾಡಿದ್ದು. ಅಲ್ಲಿ ಎಡಗೈ ಪೆಟ್ಟಿನ ನಿಯಮ 'ಲೈಟ್' ಗುಣದೊಳಗೇ ಇದೆ. ಜೊತೆಗೆ ಆಯುಧಗಳಿಗೆ ಮಾಸ್ಟರಿ ಅಂತ ಒಂದೊಂದು ವಿಶೇಷ ಗುಣ ಬಂದಿದೆ. ಬಾಕು, ಸಿಮಿಟರ್ (ಬಾಗುಗತ್ತಿ), ಕುಡುಗೋಲು, ಸಣ್ಣ ಸುತ್ತಿಗೆ ಇವುಗಳ ಮಾಸ್ಟರಿ 'ನಿಕ್'. ಅದು ಗೊತ್ತಿರುವ ಪಾತ್ರ ಎಡಗೈ ಪೆಟ್ಟನ್ನು ಅಟ್ಯಾಕ್ ಆ್ಯಕ್ಷನ್ ಒಳಗೇ ಮುಗಿಸಬಹುದು, ಸರದಿಗೆ ಒಂದು ಸಲ. ಬೋನಸ್ ಆ್ಯಕ್ಷನ್ ಉಳಿಯಿತು! ಬಲಗೈಗೆ ಶಾರ್ಟ್‌ಸೋರ್ಡ್, ಎಡಗೈಗೆ ಸಿಮಿಟರ್ ಇಟ್ಟುಕೊಳ್ಳಿ. ಶಾರ್ಟ್‌ಸೋರ್ಡಿನ ಮಾಸ್ಟರಿ 'ವೆಕ್ಸ್': ತಾಗಿ ಗಾಯ ಆದರೆ ಅದೇ ಶತ್ರುವಿನ ಮೇಲಿನ ಮುಂದಿನ ಪೆಟ್ಟಿಗೆ ಅಡ್ವಾಂಟೇಜ್, ಅಂದರೆ ಎರಡು ಡಿ20 ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು. ಹಾಗಾಗಿ ಶಾರ್ಟ್‌ಸೋರ್ಡ್ ಮೊದಲು, ಸಿಮಿಟರ್ ಆಮೇಲೆ. ಈ ಕ್ರಮ ತಪ್ಪಿಸಬೇಡಿ.

ಹೊಸ ಡುಯಲ್ ವೀಲ್ಡರ್ ಫೀಟ್ ಹಳೆಯದರ ಹಾಗಲ್ಲ. ಆರ್ಮರ್ ಕ್ಲಾಸಿನ ಆ ಒಂದು ಹೋಯಿತು. ಅದರ ಬದಲು, ಲೈಟ್ ಆಯುಧದಿಂದ ಹೊಡೆದ ಮೇಲೆ, ಎರಡು ಕೈ ಬೇಡದ ಬೇರೊಂದು ಹತ್ತಿರದ ಆಯುಧದಿಂದ ಬೋನಸ್ ಆ್ಯಕ್ಷನ್‌ನಲ್ಲಿ ಇನ್ನೊಂದು ಪೆಟ್ಟು. ಐದನೇ ಲೆವೆಲ್ ಫೈಟರ್‌ಗೆ ಅಟ್ಯಾಕ್ ಆ್ಯಕ್ಷನ್‌ನಲ್ಲಿ ಎರಡು, ನಿಕ್‌ನಿಂದ ಒಂದು, ಫೀಟ್‌ನಿಂದ ಒಂದು. ಈಗ ನಾಲ್ಕು! ಭಾವ ಇದನ್ನು ಓದಿದ ದಿನವೇ ಹೊಸ ಹಾಳೆ ಬರೆದ.

ಇದೇ ಆಟದ ಹಳೆಯ 3.5 ಆವೃತ್ತಿ ಆಡುವ ಗುಂಪಿಗೆ ಸೇರಿದರೆ ಇದನ್ನೆಲ್ಲ ಬಾಗಿಲ ಹೊರಗೆ ಬಿಡಿ. 2003ರ ಆ ನಿಯಮದಲ್ಲಿ ಎರಡು ಆಯುಧ ಹಿಡಿದರೆ ಬಲಗೈಗೆ −6, ಎಡಗೈಗೆ −10. ಎಡಗೈಯದು ಲೈಟ್ ಆಗಿದ್ದು, ಟೂ-ವೆಪನ್ ಫೈಟಿಂಗ್ ಫೀಟ್ ಕೂಡ ಇದ್ದರೆ ಎರಡಕ್ಕೂ −2. ಎಡಗೈಗೆ ಎರಡನೇ, ಮೂರನೇ ಪೆಟ್ಟು ಬೇಕಾದರೆ ಇನ್ನೂ ಎರಡು ಫೀಟ್ ತೆರಬೇಕು. ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯ ಹಾದಿಯೇ ಬೇರೆ, ಅದು ಇದೇ ಜಾತಿಯ ಇನ್ನೊಂದು ಆಟ. ಅಲ್ಲಿ ಸರದಿಗೆ ಮೂರು ಆ್ಯಕ್ಷನ್, ಎರಡನೇ ಪೆಟ್ಟಿಗೆ −5, ಮೂರನೆಯದಕ್ಕೆ −10. ಚುರುಕಿನ ಆಯುಧವಾದರೆ −4, −8. ಎರಡನೇ ಕತ್ತಿ ಸುಮ್ನೆ ಹಿಡಿದರೆ ಹೆಚ್ಚಿನ ಪೆಟ್ಟೇನೂ ಇಲ್ಲ. ಫೈಟರ್‌ನ ಡಬಲ್ ಸ್ಲೈಸ್ ತರಹದ ಫೀಟ್ ಬೇಕು.

2014 ಮತ್ತು 2024ರ ಮೂಲ ನಿಯಮಗಳು ಎಸ್‌ಆರ್‌ಡಿ 5.1 ಮತ್ತು 5.2 ಎಂಬ ಹೆಸರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿ ಪುಕ್ಕಟೆ ಸಿಗುತ್ತವೆ. ಡುಯಲ್ ವೀಲ್ಡರ್ ಮಾತ್ರ ಅದರಲ್ಲಿಲ್ಲ, ಅದಕ್ಕೆ ಪುಸ್ತಕವೇ ಬೇಕು. ಆಟ ಶುರುವಾಗುವ ಮೊದಲು ಯಾವ ವರ್ಷದ ನಿಯಮ ಎಂದು ಡಿಎಂ ಹತ್ತಿರ ಕೇಳಿ, ಹಾಳೆಯ ಮೇಲ್ಗಡೆ ಬರೆದಿಡಿ. ನಾನು ಈಗ ಆ ವರ್ಷ ಇಲ್ಲದ ಹಾಳೆ ತೆಗೆದುಕೊಳ್ಳುವುದಿಲ್ಲ, ಭಾವನದ್ದಾದರೂ ಸರಿ.